ದುಃಖದ ಮನೆಯವರು ಆಗಮನ ಕಾಲದ ಮೂರನೆಯ ಮೇಣದಬತ್ತಿಯನ್ನು ಹಚ್ಚಬಹುದೇ?

ಮಲೆನಾಡಿನ ಸಹೋದರಿ | 2 ಡಿಸೆಂಬರ್ 2025

ಎಲ್ಲರಿಗೂ ವಂದನೆಗಳು. ಇಲ್ಲಿ ಬಹಳ ಕಾಲದಿಂದ ಓದುತ್ತಿದ್ದರೂ ಬರೆಯುತ್ತಿರುವುದು ಇದೇ ಮೊದಲು. ಒಂದು ವಿಷಯದಲ್ಲಿ ನನಗೆ ದಾರಿ ಕಾಣುತ್ತಿಲ್ಲ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಒಂದು ಸಣ್ಣ ಕ್ರೈಸ್ತ ಸಭೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ವಾರಕ್ಕೊಂದು ಕುಟುಂಬದವರು ಆರಾಧನೆಯ ಆರಂಭದಲ್ಲಿ ಮುಂದೆ ಬಂದು, ಹಸಿರೆಲೆಗಳ ವೃತ್ತದಲ್ಲಿ ನಿಲ್ಲಿಸಿರುವ ಮೇಣದಬತ್ತಿಯನ್ನು ಹಚ್ಚಿ, ಆ ವರ್ಷ ದೇವರು ತಮಗೆ ಮಾಡಿದ ಉಪಕಾರಗಳಿಗಾಗಿ ಎರಡು ಮಾತು ಸ್ತೋತ್ರ ಹೇಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೊದಲನೆಯದು ನಿರೀಕ್ಷೆಯ ಬತ್ತಿ, ಎರಡನೆಯದು ಸಮಾಧಾನದ್ದು, ಮೂರನೆಯದು ಸಂತೋಷದ್ದು, ನಾಲ್ಕನೆಯದು ಪ್ರೀತಿಯದು ಎಂದು ನಮ್ಮಲ್ಲಿ ಹೇಳುತ್ತಾರೆ. ಸರದಿಯ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಬರೆದಿಡಲಾಗುತ್ತದೆ. ಈ ವರ್ಷ ಡಿಸೆಂಬರ್ 14ರ ಭಾನುವಾರ, ಅಂದರೆ ಸಂತೋಷದ ಬತ್ತಿ, ನಮ್ಮ ಮನೆಯ ಪಾಲಿಗೆ ಬಂದಿದೆ. ಪಟ್ಟಿ ಬರೆದಾಗ ನಮ್ಮ ಯಜಮಾನರು ಇದ್ದರು. ಜುಲೈಯಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ವಾರದಲ್ಲಿ, ನಾಲ್ಕೇ ದಿನಗಳ ಕಾಯಿಲೆಯಿಂದ ಅವರು ತೀರಿಕೊಂಡರು. ಈಗ ಮನೆಯಲ್ಲಿ ನಾನು, ಹದಿನಾಲ್ಕರ ಮಗಳು, ಹತ್ತರ ಮಗ.

ನನ್ನ ತೊಡಕು ಎರಡು ಬಗೆಯದು. ಮೊದಲನೆಯದಾಗಿ, ವರ್ಷ ತುಂಬುವವರೆಗೆ ದುಃಖದ ಮನೆಯವರು ಹಬ್ಬದ ದೀಪ ಮುಟ್ಟಬಾರದೆಂದು, ಅದರಲ್ಲೂ ಗಂಡನನ್ನು ಕಳೆದುಕೊಂಡವಳು ಸಭೆಯ ಮುಂದೆ ನಿಂತು ದೀಪ ಹಚ್ಚುವುದು ಸರಿಯಲ್ಲವೆಂದು ನಮ್ಮ ಹತ್ತಿರದ ಸಂಬಂಧಿಕರೇ ಹೇಳುತ್ತಿದ್ದಾರೆ. ಎರಡನೆಯದು ಅದಕ್ಕಿಂತ ಕಷ್ಟದ್ದು. ಯಾರೂ ತಡೆಯದೆ ಹೋದರೂ ಅಲ್ಲಿ ನಿಂತು ನಾನು ಏನೆಂದು ಸ್ತೋತ್ರ ಹೇಳಲಿ? ಸುಳ್ಳು ಹೇಳಲು ನನಗೆ ಬಾರದು. ನಮ್ಮ ಸಭಾಪಾಲಕ ಅಯ್ಯನವರು ಒತ್ತಾಯ ಮಾಡಿಲ್ಲ. ಬೇಡವೆಂದರೆ ಬೇರೆ ಮನೆಯವರನ್ನು ಕೇಳುತ್ತೇನೆ ಎಂದಿದ್ದಾರೆ. ಅವರಿಗೆ ಉತ್ತರ ಕೊಡಲು ಹತ್ತು ದಿನಗಳಿವೆ.

ನಿವೃತ್ತ ಸಭಾಪಾಲಕ, ಧಾರವಾಡ | 2 ಡಿಸೆಂಬರ್ 2025

ಸಹೋದರಿ, ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ದುಃಖದ ಕುರಿತು ಮೊದಲೇ ಏನಾದರೂ ಹೇಳಿ ಅದನ್ನು ಹಗುರ ಮಾಡಲು ಹೋಗುವುದಿಲ್ಲ. ನಿಮ್ಮ ಮೊದಲನೆಯ ತೊಡಕಿಗೆ ಮಾತ್ರ ಇಂದು ಉತ್ತರಿಸುತ್ತೇನೆ.

ಆಗಮನ ಕಾಲವು ಹಬ್ಬವಲ್ಲ. ಕ್ರಿಸ್ಮಸ್ ಅಂಗಡಿಗಳು ನವೆಂಬರಿನಲ್ಲೇ ತೆರೆಯುವುದರಿಂದ ನಾವು ಇದನ್ನು ಮರೆತಿದ್ದೇವೆ. ಐದನೆಯ ಶತಮಾನದಲ್ಲಿ ಈಗಿನ ಫ್ರಾನ್ಸ್ ದೇಶದ ತೂರ್ ಪಟ್ಟಣದ ಬಿಷಪರಾಗಿದ್ದ ಪೆರ್ಪೆತುವುಸ್ ಎಂಬವರು, ನವೆಂಬರ್ 11ರ ಸಂತ ಮಾರ್ಟಿನರ ದಿನದಿಂದ ಕ್ರಿಸ್ಮಸ್‌ವರೆಗೆ ವಾರದಲ್ಲಿ ಮೂರು ದಿನ ಉಪವಾಸ ಇರಬೇಕೆಂದು ತಮ್ಮ ಜನರಿಗೆ ವಿಧಿಸಿದ್ದರು. ಈ ಕಾಲಕ್ಕೆ ಇಂದಿಗೂ ಅನೇಕ ಸಭೆಗಳು ಬಳಸುವ ನೇರಳೆ ಬಣ್ಣವೇ ತಪಸ್ಸು ಕಾಲದ ಬಣ್ಣ. ಹಾಗಾಗಿ ದುಃಖದ ಮನೆಯೊಂದು ತನ್ನ ಶೋಕವನ್ನು ಮುರಿಯದೆಯೇ ಆಗಮನ ಕಾಲದೊಳಕ್ಕೆ ಬರಬಹುದು. ಇದು ಇನ್ನೂ ಬೆಳಗಾಗದ ಹೊತ್ತಿನಲ್ಲಿ ಕುಳಿತವರ ಕಾಲ. ಎರಡನೆಯ ಭಾನುವಾರಗಳಲ್ಲಿ ನಾನು ಮೂವತ್ತು ವರ್ಷ ಓದಿದ ಯೆಶಾಯನ ನಲವತ್ತನೆಯ ಅಧ್ಯಾಯ ಯಾರಿಗೆ ಬರೆದದ್ದೆಂದು ಯೋಚಿಸಿರಿ. ಯೆರೂಸಲೇಮ್ ಸುಟ್ಟುಹೋಗಿ, ದೇವಾಲಯ ಬಿದ್ದುಹೋಗಿ, ಬಾಬೆಲಿನಲ್ಲಿ ಸೆರೆಯಾಗಿದ್ದ ಜನರಿಗೆ. ನನ್ನ ಜನರನ್ನು ಸಂತೈಸಿರಿ ಎಂಬ ಮಾತಿನ ಹಿಂದೆಯೇ ಯೆರೂಸಲೇಮಿನೊಂದಿಗೆ ಮಾತಾಡಿರಿ ಎಂಬ ಮಾತಿದೆ. ಅಲ್ಲಿರುವ ಮೂಲ ಹೀಬ್ರೂ ನುಡಿಗಟ್ಟನ್ನು ಅಕ್ಷರಶಃ ಹೇಳಿದರೆ ಅವಳ ಹೃದಯಕ್ಕೆ ಮಾತಾಡಿರಿ ಎಂದಾಗುತ್ತದೆ. ಕಿವಿಗೆ ಹೇಳುವ ಸಮಾಧಾನ ಬೇರೆ, ಎದೆಗೆ ಹೇಳುವುದು ಬೇರೆ.

ವರ್ಷದ ಶೋಕವನ್ನು ಆಚರಿಸುವ ಪದ್ಧತಿಯನ್ನು ನಾನು ಹೀಗಳೆಯುವುದಿಲ್ಲ. ಸತ್ತವರನ್ನು ಬೇಗನೆ ಮರೆಯಬಾರದೆಂಬ ಮರ್ಯಾದೆ ಅದರಲ್ಲಿದೆ. ನಕ್ಷತ್ರ ತೂಗುಹಾಕದಿರುವುದು, ಹೊಸ ಬಟ್ಟೆ ತಾರದಿರುವುದು, ಎಣ್ಣೆಯ ಬಾಣಲೆ ಇಡದಿರುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ವಿಧವೆಯ ಕೈ ದೀಪಕ್ಕೆ ಸಲ್ಲದು ಎನ್ನುವ ಮಾತಿಗೆ ನಮ್ಮ ಸಭೆಗಳಲ್ಲಿ ಜಾಗವಿಲ್ಲ. ಅದನ್ನು ಹೇಳಿದವರು ಪ್ರೀತಿಯಿಂದಲೇ ಹೇಳಿರಬಹುದು, ಆದರೂ ಅದು ತಪ್ಪು.

ಕರಾವಳಿಯ ಕಥೋಲಿಕ | 3 ಡಿಸೆಂಬರ್ 2025

ಅಕ್ಕಾ, ನಾನು ಬೇರೆ ಸಭೆಯವನಾದರೂ ಮೂರನೆಯ ಭಾನುವಾರದ ವಿಷಯ ಬಂದುದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಆ ಭಾನುವಾರಕ್ಕೆ ಗೌದೇತೆ ಎಂಬ ಹೆಸರಿದೆ. ಲತೀನ್ ಭಾಷೆಯಲ್ಲಿ ಸಂತೋಷಿಸಿರಿ ಎಂದರ್ಥ. ನೇರಳೆಯ ನಡುವೆ ಅಂದು ಒಂದು ದಿನ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ, ವೃತ್ತದಲ್ಲಿಯೂ ಗುಲಾಬಿ ಬಣ್ಣದ ಬತ್ತಿಯೇ ಉರಿಯುತ್ತದೆ. ಆ ಹೆಸರು ಬಂದದ್ದು ಪ್ರೇಷಿತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಿಂದ. ಪ್ರಭುವಿನಲ್ಲಿ ಯಾವಾಗಲೂ ಸಂತೋಷಿಸಿರಿ ಎಂದು ಹೇಳಿ, ಒಂದೆರಡು ವಾಕ್ಯಗಳ ಬಳಿಕ, ನಿಮ್ಮ ಕೋರಿಕೆಗಳನ್ನು ಕೃತಜ್ಞತೆಯೊಡನೆ ದೇವರಿಗೆ ತಿಳಿಸಿರಿ ಎನ್ನುತ್ತಾರೆ. ಅದನ್ನು ಬರೆದಾಗ ಪೌಲರು ಬೇಡಿಹಾಕಿಸಿಕೊಂಡು ಸೆರೆಯಲ್ಲಿದ್ದರು. ಪತ್ರದ ಮೊದಲನೆಯ ಅಧ್ಯಾಯದಲ್ಲೇ ಅವರು ಅದನ್ನು ಹೇಳಿಕೊಂಡಿದ್ದಾರೆ.

ಈ ವರ್ಷ ಡಿಸೆಂಬರ್ 14ರಂದು ನಮ್ಮ ಬಲಿಪೂಜೆಯಲ್ಲಿ ಓದುವ ಶುಭಸಂದೇಶವೂ ಸೆರೆಮನೆಯದೇ. ಮತ್ತಾಯರ ಹನ್ನೊಂದನೆಯ ಅಧ್ಯಾಯ. ಹೆರೋದನ ಸೆರೆಯಲ್ಲಿರುವ ಸ್ನಾನಿಕ ಯೊವಾನ್ನರು ತಮ್ಮ ಶಿಷ್ಯರನ್ನು ಯೇಸುವಿನ ಬಳಿಗೆ ಕಳುಹಿಸಿ, ಬರಬೇಕಾದವರು ನೀವೋ ಅಥವಾ ಬೇರೊಬ್ಬರಿಗಾಗಿ ನಾವು ಎದುರುನೋಡಬೇಕೋ ಎಂದು ಕೇಳಿಸುತ್ತಾರೆ. ಜೋರ್ಡನ್ ನದಿಯ ದಡದಲ್ಲಿ ನಿಂತು ಯೇಸುವಿನ ಕಡೆಗೆ ಬೆರಳು ತೋರಿಸಿ ಸಾಕ್ಷಿ ಹೇಳಿದವರೇ ಕತ್ತಲ ಕೋಣೆಯಲ್ಲಿ ಹೀಗೆ ಕೇಳಿದರು. ಯೇಸು ಅವರನ್ನು ಗದರಿಸಲಿಲ್ಲ. ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಅವರಿಗಿಂತ ದೊಡ್ಡವರಿಲ್ಲವೆಂದು ಹೊಗಳಿದ್ದು ಆ ಪ್ರಶ್ನೆ ಬಂದ ಮೇಲೆಯೇ.

ಸಂತೋಷದ ಭಾನುವಾರ ಎಂದು ನಾವು ಕರೆಯುವ ದಿನ ಇಬ್ಬರು ಸೆರೆಯಾಳುಗಳ ಮಾತಿನ ಮೇಲೆ ನಿಂತಿದೆ ಎಂಬುದನ್ನು ಗಮನಿಸಿದ ಮೇಲೆ ನನಗೆ ಆ ಗುಲಾಬಿ ಬಣ್ಣ ಬೇರೆಯಾಗಿಯೇ ಕಾಣುತ್ತದೆ. ಅದು ಹಬ್ಬದ ಬಣ್ಣಕ್ಕಿಂತ ಹೆಚ್ಚಾಗಿ, ನೇರಳೆಯ ಕತ್ತಲೆಗೆ ಒಂದಿಷ್ಟು ಬೆಳಕು ಬೆರೆತಾಗ ಆಗುವ ಬಣ್ಣ. ಹಾಗಾಗಿ ಈ ಬತ್ತಿಗೆ ನಿಮ್ಮ ಮನೆಗಿಂತ ತಕ್ಕ ಮನೆ ನಿಮ್ಮ ಸಭೆಯಲ್ಲಿ ಇರಲಾರದು ಎಂದು ನನಗೆ ತೋರುತ್ತದೆ.

ಇನ್ನೊಂದು ಮಾತು. ಅಪ್ಪ ತೀರಿಹೋದ ವರ್ಷ ನಮ್ಮ ಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡಲಿಲ್ಲ. ಆದರೆ ಅಕ್ಕಪಕ್ಕದ ಐದು ಮನೆಗಳಿಂದ ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ ತಟ್ಟೆಗಳು ಬಂದವು. ಅಮ್ಮ ಖಾಲಿ ತಟ್ಟೆಯನ್ನು ಹಿಂದಿರುಗಿಸಬಾರದೆಂದು ಪ್ರತಿ ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕಳುಹಿಸಿದರು. ಆ ವರ್ಷ ನಮ್ಮ ಮನೆಯ ಸ್ತೋತ್ರ ಅಷ್ಟೇ ಆಗಿತ್ತು.

ಪ್ರಶ್ನಿಸುವವನು | 3 ಡಿಸೆಂಬರ್ 2025

ಹಿರಿಯರು ಕ್ಷಮಿಸಬೇಕು, ನನ್ನ ಅಭಿಪ್ರಾಯ ಬೇರೆ. ನಮ್ಮ ಸಭೆಗಳಲ್ಲಿ ದುಃಖದಲ್ಲಿರುವವರಿಂದ ಸಾಕ್ಷಿ ಹೇಳಿಸುವ ಚಾಳಿ ಇದೆ. ಕಣ್ಣೀರಿನ ನಡುವೆ ಸ್ತೋತ್ರ ಹೇಳಿದರೆ ಕೇಳುವವರಿಗೆ ನಂಬಿಕೆ ಬಲಗೊಂಡಂತೆ ಆಗುತ್ತದೆ, ಹೇಳಿದವರು ಮಾತ್ರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಾರೆ. ನನ್ನ ತಂಗಿಯ ಮಗು ತೀರಿದ ನಂತರ ಇದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ ವಚನವನ್ನು ಹೂತ ಮೂರನೆಯ ದಿನ ಅವಳ ಮುಂದೆ ಹೇಳಿದವರಿದ್ದರು.

ಮತ್ತಾಯನ ಎರಡನೆಯ ಅಧ್ಯಾಯವನ್ನೂ ಓದಬೇಕಲ್ಲವೇ? ರಾಹೇಲಳು ತನ್ನ ಮಕ್ಕಳಿಗಾಗಿ ಗೋಳಾಡುತ್ತಾ ಸಂತೈಸಿಕೊಳ್ಳಲು ಒಪ್ಪಲಿಲ್ಲ, ಏಕೆಂದರೆ ಅವರು ಇಲ್ಲ, ಎಂಬ ಯೆರೆಮೀಯನ ಮಾತು ಕ್ರಿಸ್ಮಸ್ ಕಥೆಯ ಒಳಗೇ ಇದೆ. ಸಮಾಧಾನವನ್ನು ನಿರಾಕರಿಸಿದ ತಾಯಿಯೊಬ್ಬಳನ್ನು ಸುವಾರ್ತೆ ಹಾಗೆಯೇ ಬಿಟ್ಟಿದೆ, ತಿದ್ದಲು ಹೋಗಿಲ್ಲ. ಆದ್ದರಿಂದ ಸಹೋದರಿಯವರು ಈ ವರ್ಷ ಬೇಡವೆಂದರೆ ಅದು ಅವಿಶ್ವಾಸವಲ್ಲ ಎಂದು ಯಾರಾದರೂ ಸ್ಪಷ್ಟವಾಗಿ ಹೇಳಬೇಕಿತ್ತು. ನಾನು ಹೇಳುತ್ತಿದ್ದೇನೆ.

ರಾತ್ರಿಪಾಳಿಯ ದಾದಿ | 4 ಡಿಸೆಂಬರ್ 2025

ಮೇಲಿನವರ ಮಾತನ್ನು ಒಪ್ಪುತ್ತೇನೆ. ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ವಿಭಾಗದಲ್ಲಿ ನನಗೆ ಹನ್ನೊಂದು ವರ್ಷದ ಕೆಲಸ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಹಗಲೂ ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು, ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಕೆಟ್ಟದ್ದೆಲ್ಲ ಬಾಯಿ ತೆರೆದ ಮೇಲೆ ಆದದ್ದು.

ಆದರೆ ಒಂದನ್ನು ಸೇರಿಸಬೇಕು. ಕೊನೆಯ ದಿನಗಳಲ್ಲಿರುವವರು ತಾವಾಗಿಯೇ ಕೃತಜ್ಞತೆ ಹೇಳುವುದನ್ನು ನಾನು ಕೇಳಿದ್ದೇನೆ, ಯಾರೂ ಕೇಳದೆ, ನಡುರಾತ್ರಿಯಲ್ಲಿ. ಅವರು ಕಾಯಿಲೆಗಾಗಿ ಸ್ತೋತ್ರ ಹೇಳುವುದಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದ್ದಕ್ಕೆ, ಕಿಟಕಿ ತೆರೆದದ್ದಕ್ಕೆ, ಮೂವತ್ತು ವರ್ಷದ ಹಿಂದೆ ಸೊಸೆ ಮಾಡಿಕೊಟ್ಟ ಒಂದು ಊಟಕ್ಕೆ ಹೇಳುತ್ತಾರೆ. ಅದು ಚಿಕ್ಕದು, ಆದರೆ ಸುಳ್ಳಲ್ಲ.

ಮಲೆನಾಡಿನ ಸಹೋದರಿ | 5 ಡಿಸೆಂಬರ್ 2025

ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಬೇಡವೆಂದರೂ ಅವಿಶ್ವಾಸವಲ್ಲ ಎಂಬ ಮಾತು ಓದಿದಾಗ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ವಿಚಿತ್ರವೆಂದರೆ, ಬೇಡವೆನ್ನಬಹುದು ಎಂದು ತಿಳಿದ ಮೇಲೆಯೇ ಹಚ್ಚಬೇಕೆಂಬ ಆಸೆ ಸ್ವಲ್ಪ ಹುಟ್ಟಿದೆ.

ಆದರೂ ಧಾರವಾಡದ ಅಯ್ಯನವರನ್ನು ಒಂದು ಕೇಳಬೇಕು. ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದರೆ ನಮ್ಮ ಯಜಮಾನರ ಸಾವಿಗೂ ಸ್ತೋತ್ರ ಹೇಳಬೇಕೆಂದೇ? ಹಾಗಾದರೆ ನನ್ನಿಂದ ಆಗದು, ಎಂದಿಗೂ ಆಗದು.

ನಿವೃತ್ತ ಸಭಾಪಾಲಕ, ಧಾರವಾಡ | 5 ಡಿಸೆಂಬರ್ 2025

ಇಲ್ಲ, ಸಹೋದರಿ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ಆ ವಚನದಲ್ಲಿ ಪೌಲನು ಎಲ್ಲದರಲ್ಲಿಯೂ ಎನ್ನುತ್ತಾನೆ, ಎಲ್ಲದಕ್ಕಾಗಿ ಎನ್ನುವುದಿಲ್ಲ. ನಮ್ಮ ಕನ್ನಡ ಸತ್ಯವೇದದಲ್ಲಿ ಆ ವಿಭಕ್ತಿ ಸರಿಯಾಗಿಯೇ ಉಳಿದಿದೆ. ನಾವು ಓದುವಾಗ ತಪ್ಪುತ್ತೇವೆ. ಪ್ರವಾಹದಲ್ಲಿ ನಿಂತು ಪ್ರಾರ್ಥಿಸುವವನು ಪ್ರವಾಹಕ್ಕಾಗಿ ಪ್ರಾರ್ಥಿಸುವುದಿಲ್ಲ.

ಪ್ರಶ್ನಿಸುವವನು | 5 ಡಿಸೆಂಬರ್ 2025

ಅಯ್ಯನವರೇ, ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ ಇಪ್ಪತ್ತನೆಯ ವಚನದಲ್ಲಿ ಎಲ್ಲದಕ್ಕಾಗಿಯೂ ಸ್ತೋತ್ರ ಮಾಡಬೇಕೆಂದೇ ಇದೆಯಲ್ಲ. ಅದನ್ನು ಬಿಟ್ಟು ಹೇಳಿದರೆ ನ್ಯಾಯವಾಗುವುದಿಲ್ಲ.

ನಿವೃತ್ತ ಸಭಾಪಾಲಕ, ಧಾರವಾಡ | 6 ಡಿಸೆಂಬರ್ 2025

ನೀವು ಹೇಳಿದ್ದು ಸರಿ, ಆ ವಚನವನ್ನು ನಾನು ಮುಂದಿಡಬೇಕಿತ್ತು. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ವ್ಯಾಕರಣದಿಂದ ಈ ಪ್ರಶ್ನೆ ಮುಗಿಯುವುದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಯೇಸು ಸ್ವಾಮಿ ಏನು ಮಾಡಿದನೆಂದು ನೋಡುವುದು ಒಳ್ಳೆಯದು.

ಯೋಹಾನನ ಹನ್ನೊಂದನೆಯ ಅಧ್ಯಾಯವನ್ನು ತೆರೆಯಿರಿ. ಬೇಥಾನ್ಯದಲ್ಲಿ ಲಾಜರನು ಸತ್ತು ನಾಲ್ಕು ದಿನ. ಅವನ ಸಹೋದರಿ ಮರಿಯಳೂ ಅವಳೊಂದಿಗೆ ಬಂದವರೂ ಅಳುವುದನ್ನು ಕಂಡು, 35ನೆಯ ವಚನದಲ್ಲಿ ಯೇಸು ಕಣ್ಣೀರು ಬಿಟ್ಟನು. 41ನೆಯ ವಚನದಲ್ಲಿ, ಕಲ್ಲನ್ನು ತೆಗೆದ ಮೇಲೆ, ಕಣ್ಣುಗಳನ್ನು ಮೇಲಕ್ಕೆತ್ತಿ, ತಂದೆಯೇ, ನೀನು ನನಗೆ ಕಿವಿಗೊಟ್ಟದ್ದಕ್ಕಾಗಿ ನಿನಗೆ ಸ್ತೋತ್ರ ಎಂದನು. ಲಾಜರನು ಹೊರಗೆ ಬಂದದ್ದು 44ರಲ್ಲಿ. ಅಂದರೆ ಕಣ್ಣೀರಿಗೂ ಸ್ತೋತ್ರಕ್ಕೂ ನಡುವೆ ಐದೇ ವಚನಗಳು, ಸ್ತೋತ್ರ ಹೇಳಿದಾಗ ಸಮಾಧಿಯೊಳಗಿನ ದೇಹ ಇನ್ನೂ ಅಲ್ಲಿಯೇ ಇತ್ತು. ಆತನು ಲಾಜರನ ಸಾವಿಗೆ ಸ್ತೋತ್ರ ಹೇಳಲಿಲ್ಲ. ತಂದೆಯು ಕೇಳುತ್ತಾನೆ ಎಂಬುದಕ್ಕೆ ಹೇಳಿದನು. ಎಫೆಸದವರಿಗೆ ಬರೆದ ಆ ಮಾತನ್ನು ನಾನು ಈ ಸಮಾಧಿಯ ಬಾಯಿಯಲ್ಲಿ ನಿಂತು ಓದುತ್ತೇನೆ. ಇದಕ್ಕಿಂತ ಹೆಚ್ಚಿನದು ನನ್ನಲ್ಲಿಲ್ಲ.

ಕೃತಜ್ಞತೆ ಎಂಬ ಪದವನ್ನೇ ಬಿಡಿಸಿ ನೋಡಿರಿ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗೆ ಮಾಡಿದ್ದನ್ನು ಮರೆಯದವನೇ ಕೃತಜ್ಞ. ಉಪಕಾರಸ್ಮರಣೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ. ನಿಮ್ಮ ಯಜಮಾನರನ್ನು ಮರೆಯಲಾಗದೆ ನೀವು ಅಳುತ್ತೀರಿ. ಆ ನೆನಪೂ ಈ ಸ್ಮರಣೆಯೂ ಎರಡಲ್ಲ. ಇನ್ನೊಂದು ಮಾತು ನಿರೀಕ್ಷೆ. ಮುಂದೆ ಒಳ್ಳೆಯದಾಗುತ್ತದೆಂಬ ಭರವಸೆಗೂ, ಬರುವವರ ದಾರಿ ನೋಡುತ್ತಾ ನಿಲ್ಲುವುದಕ್ಕೂ ಸತ್ಯವೇದದ ಕನ್ನಡದಲ್ಲಿ ಇದೇ ಪದ. ಈಕ್ಷಿಸುವುದೆಂದರೆ ನೋಡುವುದು. ಒಳಗೆ ಏನೂ ಅನ್ನಿಸದೆ ಇದ್ದರೂ ಕಣ್ಣನ್ನು ದಾರಿಯ ಕಡೆಗೆ ಇಟ್ಟಿದ್ದರೆ ಅದೂ ನಿರೀಕ್ಷೆಯೇ.

ಎರೆಭೂಮಿ | 7 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ರೈತ, ನಮ್ಮ ತಾತನ ಕಾಲದಿಂದ ಸಭೆಗೆ ಸೇರಿದವರು. ಕರಾವಳಿಯ ಸಹೋದರರು ಹೇಳಿದ ಭಾನುವಾರದ ಪಾಠಗಳಲ್ಲಿ ಯಾಕೋಬನ ಪತ್ರವೂ ಇದೆ ಎಂದು ತಿಳಿದು ಓದಿದೆ. ರೈತನು ಭೂಮಿಯ ಬೆಲೆಬಾಳುವ ಫಲಕ್ಕಾಗಿ ಮುಂಗಾರು ಹಿಂಗಾರು ಮಳೆ ಬರುವ ತನಕ ತಾಳ್ಮೆಯಿಂದ ಕಾದಿರುತ್ತಾನೆ ಎಂದು ಅಲ್ಲಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ.

ನಮ್ಮಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿತ್ತುತ್ತೇವೆ. ಬಿತ್ತಿದ ಮೇಲೆ ಮಳೆ ಬಹುಪಾಲು ಮುಗಿದಂತೆಯೇ. ಜನವರಿ, ಫೆಬ್ರವರಿಯ ಕೊಯ್ಲಿನವರೆಗೆ ಆ ಪೈರು ಬದುಕುವುದು ಎರೆಮಣ್ಣು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ತೇವದಿಂದ ಮತ್ತು ರಾತ್ರಿ ಬೀಳುವ ಇಬ್ಬನಿಯಿಂದ. ಡಿಸೆಂಬರಿನಲ್ಲಿ ಮೇಲೆ ನೋಡಿದರೆ ನೆಲ ಬಿರುಕು ಬಿಟ್ಟಿರುತ್ತದೆ, ಹೊರಗಿನವರು ಕಂಡರೆ ಒಣಗಿತು ಎನ್ನುತ್ತಾರೆ. ಒಂದು ಮೊಳ ಕೆಳಗೆ ಕೈ ಹಾಕಿದರೆ ತಂಪು ಸಿಗುತ್ತದೆ. ಆಗಮನ ಕಾಲ ಬರುವುದು ಸರಿಯಾಗಿ ಈ ಹೊತ್ತಿಗೆ. ಹೋದ ಮಳೆಯ ಮೇಲೆ ಬದುಕುವುದು ಹೇಗೆಂದು ಸಹೋದರಿಯವರು ಈಗ ಕಲಿಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ನಿಮ್ಮ ಯಜಮಾನರು ಕೊಟ್ಟುಹೋದ ತೇವ ಕೆಳಗಿದೆ.

ಇದೇ ತಿಂಗಳಲ್ಲಿ ಎಳ್ಳ ಅಮಾವಾಸ್ಯೆಗೆ ನಮ್ಮ ಊರಿನ ಒಕ್ಕಲು ಮನೆಯವರೆಲ್ಲ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ನಿಂತ ಪೈರಿಗೆ ಚರಗ, ಅಂದರೆ ಬುತ್ತಿಯ ಒಂದಿಷ್ಟು ಅಡಿಗೆಯನ್ನು, ಚೆಲ್ಲುತ್ತಾರೆ. ನಮ್ಮ ಸಭೆಯಲ್ಲಿ ಆ ಆಚರಣೆ ಇಲ್ಲದಿದ್ದರೂ ಬುತ್ತಿಯೂಟಕ್ಕೆ ನೆರೆಯವರು ನಮ್ಮನ್ನು ಬಿಟ್ಟು ಹೋಗಿದ್ದೇ ಇಲ್ಲ. ನನಗೆ ಅದರಲ್ಲಿ ಹಿಡಿಸುವುದು ಒಂದೇ. ಅವರು ಕೃತಜ್ಞತೆ ಹೇಳುವುದು ಕಾಳು ಮನೆಗೆ ಬಂದ ಮೇಲಲ್ಲ. ತೆನೆ ಕಟ್ಟುತ್ತದೋ ಇಲ್ಲವೋ ಎಂಬುದು ಗೊತ್ತಿಲ್ಲದ ಹೊತ್ತಿನಲ್ಲಿ ಹೇಳುತ್ತಾರೆ. ಯೇಸುವಿನ ತಾಯಿ ಮರಿಯಳು ಎಲಿಸಬೇತಳ ಮನೆಯ ಬಾಗಿಲಲ್ಲಿ ಹಾಡಿದಾಗಲೂ ಮಗು ಹುಟ್ಟಿರಲಿಲ್ಲವಲ್ಲ.

ಹ್ಯಾಂಬರ್ಗಿನ ಕನ್ನಡತಿ | 8 ಡಿಸೆಂಬರ್ 2025

ಈ ವೃತ್ತ ಹುಟ್ಟಿದ ಊರಿನಲ್ಲೇ ನಾನು ಈಗ ಇರುವುದರಿಂದ ಅದರ ಕಥೆಯನ್ನು ಹೇಳಬೇಕೆನ್ನಿಸಿತು. ಯೋಹಾನ್ ಹಿನ್ರಿಖ್ ವಿಖೆರ್ನ್ ಎಂಬ ಲೂಥೆರನ್ ದೇವಸೇವಕರು 1833ರಲ್ಲಿ ಹ್ಯಾಂಬರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಯ ಮನೆಯನ್ನು ಆರಂಭಿಸಿದರು. ಕ್ರಿಸ್ಮಸ್ ಯಾವಾಗ ಬರುತ್ತದೆ ಎಂದು ಆ ಮಕ್ಕಳು ದಿನವೂ ಕೇಳುತ್ತಿದ್ದರಂತೆ. 1839ರ ಆಗಮನ ಕಾಲದಲ್ಲಿ ಅವರು ಹಳೆಯ ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚುತ್ತಾ ಹೋದರೆ ಎಷ್ಟು ದಿನ ಉಳಿದಿದೆಯೆಂದು ಮಕ್ಕಳಿಗೆ ಎಣಿಸಲು ಬರುತ್ತಿತ್ತು. ಹಸಿರು ಕೊಂಬೆಗಳ ಅಲಂಕಾರ ಆಮೇಲೆ ಬಂದದ್ದು.

ಅಕ್ಕಾ, ಈ ದೀಪವನ್ನು ಮೊದಲು ಹಚ್ಚಿದ್ದು ತುಂಬಿದ ಮನೆಗಳಿಗಾಗಿ ಅಲ್ಲ ಎಂಬುದನ್ನು ನಿಮ್ಮ ಸಂಬಂಧಿಕರಿಗೆ ಹೇಳಿ. ಮನೆ ಕಳೆದುಕೊಂಡ ಮಕ್ಕಳ ನಡುವೆ, ಒಂದು ಮುರುಕು ಚಕ್ರದ ಮೇಲೆ ಅದು ಉರಿದಿತ್ತು.

ಸೆರೆಮನೆಯ ಮಾತು ಮೇಲೆ ಬಂದಿದೆ. ಹಿಟ್ಲರನ ಆಳ್ವಿಕೆಯನ್ನು ಎದುರಿಸಿದ ದೇವಸೇವಕ ಡೀಟ್ರಿಖ್ ಬೋನ್‌ಹೋಫರ್ ಅವರು 1943ರ ನವೆಂಬರಿನಲ್ಲಿ ಬರ್ಲಿನ್ನಿನ ಟೇಗಲ್ ಸೆರೆಮನೆಯಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ, ಬಾಗಿಲು ಹೊರಗಿನಿಂದಲೇ ತೆರೆಯಬೇಕಾದ ಸೆರೆಯ ಕೋಣೆಗೆ ಆಗಮನ ಕಾಲವನ್ನು ಹೋಲಿಸಿದ್ದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಅವರಿಗೆ ಈ ಲೋಕದ ಬಾಗಿಲು ತೆರೆಯಲಿಲ್ಲ. ಹಾಗಿದ್ದರೂ ಆ ಹೋಲಿಕೆ ಸುಳ್ಳಾಗಲಿಲ್ಲವೆಂದು ನಾನು ನಂಬುತ್ತೇನೆ. ಆಗಮನ ಕಾಲದಲ್ಲಿ ನಾವು ಎದುರುನೋಡುವುದು ಬೇತ್ಲೆಹೇಮಿನ ಮಗುವನ್ನು ಮಾತ್ರವಲ್ಲ, ಮತ್ತೆ ಬರುವ ಅರಸನನ್ನೂ ಅಲ್ಲವೇ?

ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಅಮ್ಮ ಊರಿನಲ್ಲಿ ತೀರಿಕೊಂಡ ವರ್ಷ ಹೋಗಲಾಗದೆ ಈ ಕತ್ತಲಲ್ಲಿ ಕುಳಿತಿದ್ದೆ. ಎದುರು ಮನೆಯ ಅಜ್ಜಿ ಮೊದಲನೆಯ ಭಾನುವಾರ ಒಂದೇ ಒಂದು ಬತ್ತಿ ಹಚ್ಚಿದ ವೃತ್ತವನ್ನು ನನ್ನ ಕಿಟಕಿಯ ಎದುರಿಗೆ ಕಾಣುವಂತೆ ಇಟ್ಟರು. ನನ್ನ ಬಳಿ ಆಗ ಜರ್ಮನ್ ಭಾಷೆಯೂ ಇರಲಿಲ್ಲ.

ಬಳ್ಳಾರಿಯ ಅಜ್ಜಿ | 10 ಡಿಸೆಂಬರ್ 2025

ನನಗೆ ಈಗ 81. ನಾನು ಹೇಳುವುದನ್ನು ಮೊಮ್ಮಗ ಬರೆಯುತ್ತಿದ್ದಾನೆ.

ಮಗಳೇ, ನಾನು ಮೂವತ್ತೊಂದರಲ್ಲಿ ಗಂಡನನ್ನು ಕಳೆದುಕೊಂಡೆ. ನಿನ್ನ ಸಂಬಂಧಿಕರು ಹೇಳಿದ ಮಾತನ್ನೇ ನನಗೂ ಹೇಳಿದರು, ನಾನು ಕೇಳಿದೆ, ಹದಿನೈದು ವರ್ಷ ಸಭೆಯಲ್ಲಿ ಹಿಂದಿನ ಬೆಂಚಿನಲ್ಲೇ ಕುಳಿತೆ. ಯಾರ ಮದುವೆಯಲ್ಲೂ ಮುಂದೆ ಬರಲಿಲ್ಲ. ಆಮೇಲೆ ಒಂದು ದಿನ ಲೂಕನ ಎರಡನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿದೆ. ದೇವಾಲಯದಲ್ಲಿ ಕೂಸು ಯೇಸುವನ್ನು ಎತ್ತಿಕೊಂಡ ಸಿಮೆಯೋನನ ಹಾಡು ಎಲ್ಲರಿಗೂ ಗೊತ್ತು, ಅವನ ಹಿಂದೆ ಬರುವ ಹೆಂಗಸನ್ನು ನಾವು ಬಿಟ್ಟುಬಿಡುತ್ತೇವೆ. ಅಶೇರನ ಕುಲದ ಫನುವೇಲನ ಮಗಳು ಅನ್ನಳು. ಗಂಡನೊಂದಿಗೆ ಬಾಳಿದ್ದು ಏಳೇ ವರ್ಷ. 84 ಎಂಬುದನ್ನು ಕೆಲವರು ಅವಳ ವಯಸ್ಸೆನ್ನುತ್ತಾರೆ, ಕೆಲವರು ವಿಧವೆಯಾಗಿ ಕಳೆದ ವರ್ಷಗಳೆನ್ನುತ್ತಾರೆ. ಹೇಗಾದರೂ ಬಹಳ ಕಾಲ. ಅವಳು ದೇವಾಲಯವನ್ನು ಬಿಟ್ಟು ಹೋಗದೆ, ಅದೇ ಗಳಿಗೆಯಲ್ಲಿ ಹತ್ತಿರಕ್ಕೆ ಬಂದು ದೇವರಿಗೆ ಸ್ತೋತ್ರ ಹೇಳಿದಳು, ಬಿಡುಗಡೆಯನ್ನು ಎದುರುನೋಡುತ್ತಿದ್ದ ಎಲ್ಲರಿಗೂ ಆ ಕೂಸಿನ ಸಂಗತಿಯನ್ನು ಹೇಳಿದಳು. ದೇವಾಲಯದಲ್ಲಿ ಯೇಸು ಸ್ವಾಮಿಗಾಗಿ ಸ್ತೋತ್ರ ಹೇಳಿದವಳು ಒಬ್ಬ ವಿಧವೆ, ಮಗಳೇ. ಅವಳನ್ನು ಹಿಂದಿನ ಬೆಂಚಿಗೆ ಯಾರೂ ಕಳುಹಿಸಲಿಲ್ಲ.

ಅದೇ ಅಧ್ಯಾಯದಲ್ಲಿ ಸಿಮೆಯೋನನು ಇಸ್ರಾಯೇಲಿನ ಆದರಣೆಯನ್ನು ಕಾಯುತ್ತಿದ್ದನು ಎಂದಿದೆ. ಕಾಯುತ್ತಿದ್ದ ಆದರಣೆ ಕೈಗೆ ಬಂದ ಕೂಡಲೇ ಅವನು ಮರಿಯಳಿಗೆ ಹೇಳಿದ್ದೇನು? ನಿನ್ನ ಪ್ರಾಣಕ್ಕೂ ಅಲಗು ನಾಟುವುದು ಎಂದು. ಆದರಣೆಯೂ ಅಲಗೂ ಒಂದೇ ಬಾಯಿಂದ ಬಂದವು. ಮರಿಯಳು ಆ ಕೂಸನ್ನು ಕೆಳಗಿಡಲಿಲ್ಲ, ಎತ್ತಿಕೊಂಡೇ ಮನೆಗೆ ಹೋದಳು.

ಹೋಗಿ ಹಚ್ಚು. ಕೈ ನಡುಗಿದರೆ ಮಗಳ ಕೈಯನ್ನೂ ಜೊತೆಗೆ ಹಿಡಿಸಿಕೋ.

ಪ್ರಶ್ನಿಸುವವನು | 10 ಡಿಸೆಂಬರ್ 2025

ಅಜ್ಜಿಯವರ ಮಾತಿನ ಮುಂದೆ ನಾನು ಹೇಳುವುದು ಏನೂ ಇಲ್ಲ. ಇದನ್ನು ತಂಗಿಗೆ ಓದಿ ಹೇಳಲು ನಿಮ್ಮ ಅನುಮತಿ ಬೇಕು, ಅಜ್ಜಿ. ಅವಳು ಎರಡು ವರ್ಷಗಳಿಂದ ಸಭೆಗೆ ಬಂದಿಲ್ಲ. ಬರಬೇಕೆಂದು ಹೇಳಲು ಅಲ್ಲ, ಓದಿ ಹೇಳಲು ಮಾತ್ರ.

ಮಲೆನಾಡಿನ ಸಹೋದರಿ | 15 ಡಿಸೆಂಬರ್ 2025

ಉತ್ತರಿಸಲು ತಡವಾಯಿತು. ನಿನ್ನೆ ನಾವು ಮೂವರೂ ಹೋಗಿ ಮೂರನೆಯ ಬತ್ತಿಯನ್ನು ಹಚ್ಚಿದೆವು.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಶನಿವಾರ ರಾತ್ರಿ ಚೀಟಿಯಲ್ಲಿ ಬರೆದುಕೊಂಡಿದ್ದ ಮಾತುಗಳನ್ನು ಅಲ್ಲಿ ನಿಂತಾಗ ಓದಲಾಗಲಿಲ್ಲ. ನಮ್ಮ ಸಭೆಯ ಅಯ್ಯನವರು ಮೊದಲೇ ಹೇಳಿದ್ದರು, ಮಾತು ಬಾರದಿದ್ದರೆ ಬತ್ತಿ ಹಚ್ಚಿ ಕುಳಿತುಕೊಳ್ಳಿ, ಸಭೆ ಸುಮ್ಮನಿರುತ್ತದೆ ಎಂದು. ಸಭೆ ಸುಮ್ಮನಿತ್ತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಬಾಯಿಂದ ಇಷ್ಟು ಬಂತು: ಜುಲೈಯಲ್ಲಿ ಆದದ್ದಕ್ಕೆ ನನ್ನಲ್ಲಿ ಸ್ತೋತ್ರವಿಲ್ಲ, ದೇವರಿಗೆ ಅದು ಗೊತ್ತಿದೆ. ಹದಿನಾರು ವರ್ಷ ಅವರೊಂದಿಗೆ ಬಾಳಿದ್ದಕ್ಕೆ ಸ್ತೋತ್ರ. ಆ ಮಳೆಯಲ್ಲಿ ಸೊಂಟದವರೆಗೆ ನೀರಿದ್ದ ಹಳ್ಳ ದಾಟಿ ಮಣ್ಣಿಗೆ ಬಂದವರಿಗಾಗಿ ಸ್ತೋತ್ರ. ಒಂದು ತಿಂಗಳು ನಮ್ಮ ಮನೆಗೆ ಗಂಜಿ ತಂದ ಪಕ್ಕದ ಮನೆಯವರಿಗಾಗಿ, ಅವರು ನಮ್ಮ ಸಭೆಯವರಲ್ಲ, ಸ್ತೋತ್ರ. ನಾವು ಎದುರುನೋಡುತ್ತಿದ್ದೇವೆ. ಇಷ್ಟೇ ಹೇಳಿದೆ.

ಬೇಡವೆಂದಿದ್ದ ನಮ್ಮ ಅತ್ತೆಯ ತಂಗಿ ಮೂರನೆಯ ಸಾಲಿನಲ್ಲಿದ್ದರು. ಆರಾಧನೆ ಮುಗಿದ ಮೇಲೆ ಹತ್ತಿರ ಬಂದು ಮಗನ ತಲೆ ಸವರಿದರು, ಏನೂ ಹೇಳಲಿಲ್ಲ. ಅವರೂ ವಿಧವೆ. ಅನ್ನಳ ಸಂಗತಿಯನ್ನು ಅವರಿಗೆ ಇನ್ನೊಂದು ದಿನ ಹೇಳುತ್ತೇನೆ.

ನಕ್ಷತ್ರವನ್ನು ಈ ವರ್ಷ ತೂಗುಹಾಕುವುದಿಲ್ಲ. ಗೋದಲಿಯನ್ನು ಮಾತ್ರ ಕಟ್ಟೋಣವೆಂದು ಮಕ್ಕಳು ಕೇಳಿದರು, ಒಪ್ಪಿದೆ. ಗೋದಲಿಯ ಸುತ್ತ ಹಸಿರಿಗಾಗಿ ತಟ್ಟೆಯಲ್ಲಿ ರಾಗಿ ಬಿತ್ತುತ್ತಿದ್ದವರು ಅವರ ಅಪ್ಪ. ನಿನ್ನೆ ಸಂಜೆ ಮಗ ತಾನೇ ಮಣ್ಣು ತಂದು ಬಿತ್ತಿದ್ದಾನೆ. ನೀರು ಬಹಳ ಹಾಕಿದ್ದಾನೆಂದು ಕಾಣುತ್ತದೆ, ಮಣ್ಣೆಲ್ಲ ಕೆಸರಾಗಿದೆ. ಇದನ್ನು ಹೇಗೆ ಸರಿಮಾಡುವುದೆಂದು ಬಲ್ಲವರು ತಿಳಿಸಿ.

ಎರೆಭೂಮಿ | 15 ಡಿಸೆಂಬರ್ 2025

ತಟ್ಟೆಯನ್ನು ಓರೆ ಮಾಡಿ ಮೇಲೆ ನಿಂತ ನೀರನ್ನು ಬಸಿದು, ಇಂದು ರಾತ್ರಿ ಒಲೆಯ ಬೆಚ್ಚಗಿನ ಮೂಲೆಯಲ್ಲಿಡಿ. ಮೇಲೆ ಒಂದು ತೆಳು ಪದರ ಒಣ ಮಣ್ಣು ಉದುರಿಸಿ. ನಾಳೆಯಿಂದ ನೀರು ಸುರಿಯುವುದು ಬೇಡ, ಬೆಳಿಗ್ಗೆ ಸಂಜೆ ಕೈಯಿಂದ ಚಿಮುಕಿಸಿದರೆ ಸಾಕು. ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ, 24ರ ಹೊತ್ತಿಗೆ ಬೆರಳುದ್ದ ಬರುತ್ತದೆ. ಮಗನಿಗೆ ದಿನವೂ ಕೆದಕಿ ನೋಡಬೇಡವೆಂದು ಹೇಳಿ.